ಮೈಸೂರಿನ ಹೆಣ, ಬಂಟ್ವಾಳದ ದೂರು

ಸೈನೈಡ್ ಮೋಹನನ ಹೆಸರು ಈ ಅಂಕಣದಲ್ಲಿ ಎಲ್ಲಾದರೂ ಸುಳಿದರೆ ಸಾಕು, ಆ ವಾರ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. 2023ರಲ್ಲಿ ‘ದಹಾಡ್’ ಎಂಬ ಹಿಂದಿ ಸರಣಿ ಬಂದು, ಕಥೆಯನ್ನು ರಾಜಸ್ಥಾನಕ್ಕೆ ಸಾಗಿಸಿದ್ದರೂ ಎಳೆ ನಮ್ಮ ಕರಾವಳಿಯದೇ ಎಂದು ಜನ ಗುರುತಿಸಿದ ಮೇಲಂತೂ ಆ ಪ್ರಶ್ನೆಗೆ ಸಿಟ್ಟೂ ಸೇರಿಕೊಂಡಿದೆ. ‘ಅಲ್ಲ ಸ್ವಾಮಿ, ಇಪ್ಪತ್ತು ಹೆಣ ಬಿದ್ದದ್ದು ಕಾಡಿನಲ್ಲಲ್ಲ, ಹೊಳೆಯಲ್ಲಲ್ಲ. ಸಾವಿರಾರು ಜನ ಓಡಾಡುವ ಬಸ್ ನಿಲ್ದಾಣಗಳಲ್ಲಿ. ಆರು ವರ್ಷ ಅವು ಯಾರವೆಂದು ಯಾರಿಗೂ ಗೊತ್ತಾಗಲಿಲ್ಲ ಎಂದರೆ ನಂಬುವುದು ಹೇಗೆ?’ ಕೊಂದವನ ಮನಸ್ಸಿನೊಳಗೆ ಏನಿತ್ತು ಎಂಬ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಓದುಗರ ಈ ಪ್ರಶ್ನೆಗೆ ಮಾತ್ರ ನೇರ ಉತ್ತರವಿದೆ, ಮತ್ತು ಆ ಉತ್ತರ ಇವತ್ತಿಗೂ ಹಳತಾಗಿಲ್ಲ.

ಕೃತ್ಯದ ರೀತಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೋಹನ್ ಕುಮಾರ್ ಬಂಟ್ವಾಳ ತಾಲ್ಲೂಕಿನ ಕನ್ಯಾನದವನು, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಪೊಲೀಸರ ಪ್ರಕಾರ ಅವನ ಕೊಲೆಗಳು 2003ರಿಂದ 2009ರವರೆಗೆ ನಡೆದವು. ಮದುವೆಯ ವಯಸ್ಸು ದಾಟುತ್ತಿರುವ, ವರದಕ್ಷಿಣೆ ಹೊಂದಿಸಲಾಗದ ಮನೆಯ ಹುಡುಗಿಯರ ಪರಿಚಯ ಮಾಡಿಕೊಳ್ಳುತ್ತಿದ್ದ. ಅವರಲ್ಲಿ ಬೀಡಿ ಕಟ್ಟುವವರಿದ್ದರು, ಕೂಲಿನಾಲಿ ಮಾಡುವವರಿದ್ದರು. ಅವರದೇ ಜಾತಿಯವನೆಂದು, ಆ ಜಾತಿಗೆ ಒಪ್ಪುವ ಒಂದು ಹೆಸರು ಹೇಳುತ್ತಿದ್ದ. ವರದಕ್ಷಿಣೆ ಬೇಡ, ಒಡವೆ ಹಾಕಿಕೊಂಡು ಬಾ ಎನ್ನುತ್ತಿದ್ದ. ಘಟ್ಟ ಹತ್ತಿಸಿ ಮಡಿಕೇರಿಗೋ ಮೈಸೂರಿಗೋ ಹಾಸನಕ್ಕೋ ಬೆಂಗಳೂರಿಗೋ ಕರೆದೊಯ್ದು, ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಒಡವೆ ರೂಮಿನಲ್ಲೇ ಬಿಡಿಸಿ, ನಿಲ್ದಾಣಕ್ಕೆ ಕರೆತಂದು, ಬಸಿರಾಗದಿರಲು ಎಂದು ಒಂದು ಮಾತ್ರೆ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ತೆಗೆದುಕೋ ಎಂದೂ ಹೇಳುತ್ತಿದ್ದ. ಆಕೆ ಒಳಗೆ ಚಿಲಕ ಹಾಕಿಕೊಳ್ಳುತ್ತಿದ್ದಳು. ಅವನು ಲಾಡ್ಜಿಗೆ ಮರಳಿ ಒಡವೆ ಎತ್ತಿಕೊಂಡು ಊರಿನ ಬಸ್ಸು ಹತ್ತುತ್ತಿದ್ದ.

ಆ ಚಿಲಕದ ಬಗ್ಗೆ ಸ್ವಲ್ಪ ಯೋಚಿಸಿ. ಒಳಗಿನಿಂದ ಹಾಕಿದ ಬಾಗಿಲು, ಒಬ್ಬಳೇ ಹೆಂಗಸು, ಮೈಮೇಲೆ ಗಾಯವಿಲ್ಲ, ರೇಷ್ಮೆ ಸೀರೆ. ಬಾಗಿಲು ಮುರಿದು ನೋಡಿದ ಪೊಲೀಸನ ಕಣ್ಣಿಗೆ ಅದು ಆತ್ಮಹತ್ಯೆ, ತಪ್ಪಿದರೆ ಹೃದಯಾಘಾತ. ಠಾಣೆಯಲ್ಲಿ ಯುಡಿಆರ್ ದಾಖಲಾಗುತ್ತದೆ, ಅಂದರೆ ಅಸ್ವಾಭಾವಿಕ ಮರಣ ವರದಿ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ಪಂಚರ ಮುಂದೆ ಮಹಜರು, ಶವಪರೀಕ್ಷೆ, ಫೋಟೊ. ಈ ಕಲಮು ಕೇಳುವುದು ಇಷ್ಟೇ: ಸಾವು ಹೇಗಾಯಿತು? ಸತ್ತವರು ಯಾರೆಂದು ಪಟ್ಟು ಹಿಡಿದು ಹುಡುಕುವ ಯಂತ್ರ ಅದರೊಳಗಿಲ್ಲ. ಸೈನೈಡ್ ದೇಹದ ಜೀವಕೋಶಗಳು ಆಮ್ಲಜನಕ ಬಳಸದಂತೆ ತಡೆಯುತ್ತದೆ; ರಕ್ತದಲ್ಲಿ ಆಮ್ಲಜನಕ ಇದ್ದೂ ಮನುಷ್ಯ ಉಸಿರುಗಟ್ಟಿದವನಂತೆ ನಿಮಿಷಗಳಲ್ಲಿ ಸಾಯುತ್ತಾನೆ. ಹೆಣದ ಮೇಲಿನ ಕೆಂಪು ಕಲೆಗಳನ್ನು ನೋಡಿ ಅನುಮಾನಪಡುವ ವೈದ್ಯರಿದ್ದಾರೆ. ಕಹಿ ಬಾದಾಮಿಯ ವಾಸನೆ ಎಂದು ಪತ್ತೇದಾರಿ ಕಾದಂಬರಿಗಳಲ್ಲಿ ಓದಿದ್ದೇವೆ, ಆದರೆ ಹುಟ್ಟಿನಿಂದಲೇ ಆ ವಾಸನೆ ಹತ್ತದ ಮೂಗುಗಳೂ ಎಷ್ಟೋ ಇವೆ. ಒಳಾಂಗಗಳ ಮಾದರಿಯನ್ನು ಸರಿಯಾಗಿ ಕಾಪಿಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸದಿದ್ದರೆ, ಕಳಿಸಲು ತಡವಾದರೆ, ಈ ವಿಷ ಆರಿಹೋಗುತ್ತದೆ. ಇಷ್ಟೆಲ್ಲ ದಾಟಿ ‘ಸೈನೈಡ್’ ಎಂದು ವರದಿ ಬಂದರೂ, ವಿಷ ಕುಡಿದು ಸತ್ತಳು ಎಂಬ ಮೊದಲ ಊಹೆಗೆ ಅದು ಇನ್ನಷ್ಟು ಬಲ ಕೊಡುತ್ತದೆಯೇ ಹೊರತು ಅಲ್ಲಾಡಿಸುವುದಿಲ್ಲ.

ಆಮೇಲಿನದು ನಾನು ಹತ್ತಿರದಿಂದ ಕಂಡದ್ದು. ಪತ್ರಿಕೆಯ ಡೆಸ್ಕಿನಲ್ಲಿ ಹೊಸದಾಗಿ ಸೇರಿದವರ ಪಾಲಿಗೆ ಬರುತ್ತಿದ್ದ ಕೆಲಸಗಳಲ್ಲಿ ಪೊಲೀಸ್ ಪ್ರಕಟಣೆ ತಿದ್ದುವುದೂ ಒಂದು. ‘ಅಪರಿಚಿತ ಮಹಿಳೆಯ ಶವ ಪತ್ತೆ. ಸುಮಾರು 25ರಿಂದ 30 ವರ್ಷ, ಎತ್ತರ 5 ಅಡಿ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ವಾರಸುದಾರರು ಠಾಣೆಯನ್ನು ಸಂಪರ್ಕಿಸಬಹುದು.’ ಈ ಚಹರೆಯ ಹೆಂಗಸರು ನಮ್ಮ ರಾಜ್ಯದಲ್ಲಿ ಎಷ್ಟು ಲಕ್ಷ ಇರಬಹುದು ಎಂದು ಲೆಕ್ಕ ಹಾಕುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಜಿಲ್ಲಾ ಪುಟದ ಕೆಳಮೂಲೆಯಲ್ಲಿ, ಜಾಹೀರಾತು ಬಂದರೆ ಮೊದಲು ಎತ್ತಿಹಾಕಬಹುದಾದ ಜಾಗದಲ್ಲಿ ಅದು ಕೂರುತ್ತಿತ್ತು. ಮುಖ್ಯವಾದ ಸಂಗತಿ ಇನ್ನೊಂದಿದೆ. ಮೈಸೂರಿನ ಠಾಣೆ ಕಳಿಸಿದ ಪ್ರಕಟಣೆ ಅಚ್ಚಾಗುತ್ತಿದ್ದುದು ಮೈಸೂರು ಆವೃತ್ತಿಯಲ್ಲಿ. ಬಂಟ್ವಾಳ, ಪುತ್ತೂರು, ಸುಳ್ಯದ ಜನ ಓದುತ್ತಿದ್ದುದು ಮಂಗಳೂರು ಆವೃತ್ತಿ. ಮಗಳನ್ನು ಕಳೆದುಕೊಂಡ ಅಪ್ಪ ದಿನಾ ಪತ್ರಿಕೆಯ ಮೂಲೆಮೂಲೆ ಓದುತ್ತಿದ್ದರೂ ಅವಳ ಹೆಣದ ಸುದ್ದಿ ಅವನ ಕೈಗೆ ಬರುವಂತಿರಲಿಲ್ಲ. ಜಿಲ್ಲೆಗೊಂದು ಆವೃತ್ತಿ ಮಾಡಿ ಓದುಗರಿಗೆ ಹತ್ತಿರವಾದೆವೆಂದು ಪತ್ರಿಕೆಗಳು ಹೆಮ್ಮೆಪಟ್ಟ ಕಾಲವದು. ಇಂಥ ಸುದ್ದಿಗೆ ಅದೇ ಗೋಡೆಯಾಯಿತು.

ಈಗ ಘಟ್ಟದ ಕೆಳಗೆ ಬನ್ನಿ. ಹುಡುಗಿ ಮನೆ ಬಿಟ್ಟು ಹೋಗಿದ್ದಾಳೆ. ಒಡವೆ ಒಯ್ದಿದ್ದಾಳೆ. ಯಾರನ್ನೋ ಮದುವೆಯಾಗುತ್ತೇನೆಂದು ಹೇಳಿಯೋ ಹೇಳದೆಯೋ ಹೋಗಿದ್ದಾಳೆ. ಮನೆಯವರು ಏನು ಮಾಡುತ್ತಾರೆ? ಕೆಲವರು ದೂರು ಕೊಟ್ಟರು. ಕೆಲವರು ಕೊಡಲಿಲ್ಲ, ಏಕೆಂದರೆ ಅವರ ಮನಸ್ಸಿನಲ್ಲಿ ಅವಳು ಎಲ್ಲೋ ಸಂಸಾರ ಮಾಡಿಕೊಂಡಿದ್ದಳು. ಮದುವೆಗೆ ಕಾದಿರುವ ತಂಗಿಯೊಬ್ಬಳು ಮನೆಯಲ್ಲಿದ್ದರೆ ಅಕ್ಕ ಓಡಿಹೋದ ಸುದ್ದಿ ಠಾಣೆಯ ಪುಸ್ತಕಕ್ಕೆ ಹತ್ತುವುದು ಯಾವ ಮನೆಗೂ ಬೇಡ. ದೂರು ಕೊಟ್ಟವರಿಗೂ ಸಿಕ್ಕಿದ ಸಮಾಧಾನ ನಮಗೆಲ್ಲ ಗೊತ್ತಿರುವಂಥದ್ದೇ: ‘ಪ್ರಾಯಕ್ಕೆ ಬಂದವಳಲ್ವಾ, ಹೋಗಿರ್ತಾಳೆ. ಸ್ವಲ್ಪ ದಿನ ನೋಡಿ, ಫೋನ್ ಬರುತ್ತೆ.’ ಹೀಗೆ ದಕ್ಷಿಣ ಕನ್ನಡದ ಒಂದು ಠಾಣೆಯಲ್ಲಿ ‘ಹೆಂಗಸು ಕಾಣೆ’ ಎಂಬ ಕಡತ. ಮೈಸೂರಿನ ಒಂದು ಠಾಣೆಯಲ್ಲಿ ‘ಅಪರಿಚಿತ ಹೆಂಗಸಿನ ಶವ’ ಎಂಬ ಕಡತ. ಎರಡೂ ಒಂದೇ ರಾಜ್ಯದ, ಒಂದೇ ಇಲಾಖೆಯ, ಒಂದೇ ನಮೂನೆಯ ಕಾಗದ. ಅವನ್ನು ಒಂದೇ ಮೇಜಿನ ಮೇಲಿಟ್ಟು ನೋಡುವ ಕೆಲಸ ಮಾತ್ರ ಯಾರ ಹೆಸರಿಗೂ ಇರಲಿಲ್ಲ. ಮೋಹನ ಅಂಥ ಬುದ್ಧಿವಂತನೇನಲ್ಲ ಎಂದೇ ನನ್ನ ಅಭಿಪ್ರಾಯ. ಅವನಿಗೆ ಗೊತ್ತಿದ್ದದ್ದು ಒಂದೇ ವಿಷಯ: ಜಿಲ್ಲೆಯ ಗಡಿ ದಾಟಿದ ಹೆಣಕ್ಕೆ ಊರಿರುವುದಿಲ್ಲ.

ಎಲ್ಲ ಬಯಲಾದದ್ದು 2009ರಲ್ಲಿ, ಆ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಇಪ್ಪತ್ತೆರಡರ ಯುವತಿಯೊಬ್ಬಳು ಕಾಣೆಯಾದ ಮೇಲೆ. ಅವಳ ವಿಷಯದಲ್ಲಿ ಬೇರೆಯವರಿಗೆ ಆಗದ್ದೊಂದು ಆಯಿತು. ಅನ್ಯಧರ್ಮದವನ ಜೊತೆ ಹೋಗಿರಬೇಕೆಂಬ ಗುಮಾನಿ ಹಬ್ಬಿ, ಸಮುದಾಯದವರು ಠಾಣೆಯ ಮುಂದೆ ನೆರೆದರು. ಗುಮಾನಿ ಪೂರ್ತಿ ಸುಳ್ಳು. ಆದರೆ ಒತ್ತಡ ನಿಜವಾಗಿತ್ತು, ತನಿಖೆ ಬಿರುಸಾಯಿತು. ಪೊಲೀಸರು ಅವಳ ಫೋನಿನ ಕರೆಗಳ ವಿವರ ತೆಗೆಸಿದರು. ಯಾವ ನಂಬರಿನ ಜೊತೆ ಅವಳು ಮಾತನಾಡುತ್ತಿದ್ದಳೋ ಅದನ್ನು ಹಿಡಿದು ಹೊರಟರೆ, ಅದು ಕಾಣೆಯಾದ ಇನ್ನೊಬ್ಬ ಹೆಂಗಸಿನದು. ಅವಳ ಕರೆಗಳನ್ನು ಹಿಡಿದು ಹೋದರೆ ಮತ್ತೊಬ್ಬಳು. ಸತ್ತವರ ಸಿಮ್ಮನ್ನೇ ಅವನು ಮುಂದಿನವಳ ಜೊತೆ ಮಾತಾಡಲು ಬಳಸುತ್ತಿದ್ದ. ಕೊನೆಗೆ ಚಾಲ್ತಿಯಲ್ಲಿದ್ದ ಒಂದು ಫೋನು ಅವನ ಬಳಗದವರೆಗೆ ಕರೆತಂದಿತು, ಆ ವರ್ಷದ ಅಕ್ಟೋಬರಿನಲ್ಲಿ ಅವನ ಬಂಧನವಾಯಿತು. ಠಾಣೆಯ ಮುಂದೆ ಜನ ಸೇರಿರದಿದ್ದರೆ ಈ ಸರಪಳಿಯ ಮೊದಲ ಕೊಂಡಿಯನ್ನು ಯಾರಾದರೂ ಎತ್ತುತ್ತಿದ್ದರೇ ಎಂಬ ಅನುಮಾನ ನನಗಿದೆ. ಉಳಿದವರಿಗಾಗಿ ಯಾರೂ ಸೇರಿರಲಿಲ್ಲ.

ಅಲ್ಲಿಂದ ಗುರುತು ಹಚ್ಚುವ ಕೆಲಸ ತಲೆಕೆಳಗಾಗಿ ನಡೆಯಿತು. ಸಾಮಾನ್ಯವಾಗಿ ಹೆಣ ಸಿಗುತ್ತದೆ, ಹೆಸರು ಹುಡುಕುತ್ತಾರೆ, ಆಮೇಲೆ ಕೊಂದವನು. ಇಲ್ಲಿ ಕೊಂದವನು ಮೊದಲು ಸಿಕ್ಕಿದ. ಅವನು ಹೇಳಿದ ಊರು, ತಿಂಗಳು, ಲಾಡ್ಜುಗಳನ್ನು ಹಿಡಿದುಕೊಂಡು ತನಿಖಾಧಿಕಾರಿಗಳು ಘಟ್ಟದ ಮೇಲಿನ ಠಾಣೆಗಳ ಹಳೆಯ ಯುಡಿಆರ್ ಕಡತ ಬಿಚ್ಚಿಸಿದರು. ಹೆಣಗಳು ಯಾವತ್ತೋ ಮಣ್ಣಾಗಿದ್ದವು. ವಾರಸುದಾರರಿಲ್ಲದ ಶವವನ್ನು ಸಾಮಾನ್ಯವಾಗಿ ಮೂರು ದಿನ ಶವಾಗಾರದಲ್ಲಿಟ್ಟು ವಿಲೇವಾರಿ ಮಾಡುವುದು ರೂಢಿ, ಇಲ್ಲವೇ 1957ರ ಅಂಗರಚನಾ ಕಾಯ್ದೆಯಡಿ ವೈದ್ಯಕೀಯ ಕಾಲೇಜಿಗೆ ಕೊಡಬಹುದು. ಉಳಿದಿದ್ದದ್ದು ಫೋಟೊ, ಮಹಜರಿನಲ್ಲಿ ಬರೆದ ಸೀರೆಯ ಬಣ್ಣ, ಅವನು ಮಾರಿದ ಅಥವಾ ಅಡವಿಟ್ಟ ಒಡವೆ, ಸುಳ್ಳು ಹೆಸರು ಬರೆದ ಲಾಡ್ಜಿನ ಲೆಡ್ಜರು. ಸತ್ತ ಮಗಳ ಮುಖವನ್ನು ಸರ್ಕಾರಿ ಕಡತದ ಫೋಟೊದಲ್ಲಿ, ವರ್ಷಗಳಾದ ಮೇಲೆ, ಮನೆಯವರು ಗುರುತಿಸಿದರು. ಎಲ್ಲೋ ಸಂಸಾರ ಮಾಡಿಕೊಂಡಿದ್ದಾಳೆ ಎಂದುಕೊಂಡಿದ್ದವರೂ ಅವರಲ್ಲಿದ್ದರು.

ಪೊಲೀಸರ ಮುಂದೆ ಅವನು ಮೊದಲು ಹೇಳಿದ್ದು 32 ಕೊಲೆ ಎಂದು ಆಗ ವರದಿಯಾಗಿತ್ತು. ನ್ಯಾಯಾಲಯದ ಮುಂದೆ ಹೋದದ್ದು 20. ಈ ವ್ಯತ್ಯಾಸ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲ. ಅದರಿಂದ ಹೊಸದಾಗಿ ಏನಾದರೂ ಪತ್ತೆಯಾದರೆ ಆ ಪತ್ತೆಯಾದಷ್ಟಕ್ಕೆ ಮಾತ್ರ ಬೆಲೆ. ‘ಇನ್ನೊಬ್ಬಳನ್ನೂ ಕೊಂದೆ, ಹೆಸರು ನೆನಪಿಲ್ಲ’ ಎಂಬ ಮಾತಿಗೆ ಎದುರಾಗಿ ಒಂದು ಕಡತ, ಒಂದು ಮನೆ, ಒಂದು ಸಾಕ್ಷಿ ನಿಲ್ಲದಿದ್ದರೆ ಮೊಕದ್ದಮೆಯೇ ಹುಟ್ಟುವುದಿಲ್ಲ. ಸತ್ತವಳು ಇಂಥವಳೇ ಎಂದು ಸಾಬೀತಾಗದೆ, ಅವಳು ಅವನ ಜೊತೆ ಕೊನೆಯ ಬಾರಿ ಕಂಡಳು ಎಂದು ಯಾರು ಸಾಕ್ಷಿ ನುಡಿಯುತ್ತಾರೆ? 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಮರಣದಂಡನೆ ಕೊಟ್ಟಿತು. ನಾಲ್ಕು ವರ್ಷಗಳ ನಂತರ ಹೈಕೋರ್ಟ್ ಅವುಗಳಲ್ಲಿ ಒಂದಾದ, ಹಾಸನದಲ್ಲಿ ನಡೆದ ಸಾವಿನ ಪ್ರಕರಣದಲ್ಲಿ ಅದನ್ನು ಜೀವನಪರ್ಯಂತ ಸೆರೆಗೆ ಇಳಿಸಿತು. ಇಪ್ಪತ್ತನೆಯ ಮೊಕದ್ದಮೆಯ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ, ಕಾಸರಗೋಡಿನ ಯುವತಿಯೊಬ್ಬಳ ಕೊಲೆಗೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೊಂದೇ ಹೆಸರು ಹಿಡಿದು ಮೊಕದ್ದಮೆ ನಡೆಸಿದ್ದು ವಿಳಂಬದಂತೆ ಕಾಣಬಹುದು. ಪ್ರತಿಯೊಬ್ಬಳಿಗೂ ಅವಳದೇ ಆದ ಒಂದು ತೀರ್ಪು ಸಿಕ್ಕಿತು ಎನ್ನುವುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇದೇ ತೊಡಕನ್ನು ಅಮೆರಿಕದಲ್ಲಿ ಬೇರೆ ದಾರಿಯಿಂದ ಬಿಡಿಸಿದರು, ಆ ದಾರಿಯ ಬಗ್ಗೆಯೂ ನಮ್ಮಲ್ಲಿ ಕುತೂಹಲ ಹೆಚ್ಚಿದೆ. ಸಿಯಾಟಲ್ ಪಕ್ಕದ ಗ್ರೀನ್ ನದಿಯಲ್ಲಿ 1982ರ ಬೇಸಿಗೆಯಲ್ಲಿ ಹೆಣಗಳು ತೇಲತೊಡಗಿದವು. ಹೆಚ್ಚಿನವರು ಮನೆ ಬಿಟ್ಟು ಬಂದು ಬೀದಿಪಾಲಾದ ಹುಡುಗಿಯರು, ಲೈಂಗಿಕ ವೃತ್ತಿಗೆ ಬಿದ್ದವರು. ಕೊಂದವನು ಗ್ಯಾರಿ ರಿಡ್ಜ್‌ವೇ, ಲಾರಿಗಳಿಗೆ ಬಣ್ಣ ಹೊಡೆಯುವ ಕೆಲಸದವನು. 1987ರಲ್ಲೇ ತೆಗೆದಿಟ್ಟಿದ್ದ ಅವನ ಎಂಜಲಿನ ಮಾದರಿಯಿಂದ, ಡಿಎನ್‌ಎ ತಂತ್ರ ಸುಧಾರಿಸಿದ ಮೇಲೆ, 2001ರಲ್ಲಿ ಸಿಕ್ಕಿಬಿದ್ದ. ಸಾಕ್ಷ್ಯ ಇದ್ದದ್ದು ಕೆಲವೇ ಕೊಲೆಗಳಿಗೆ. ಅಲ್ಲಿನ ಸರ್ಕಾರಿ ವಕೀಲ ನಾರ್ಮ್ ಮಾಲೆಂಗ್ ಅವನ ಜೊತೆ ಒಂದು ಒಪ್ಪಂದ ಮಾಡಿಕೊಂಡರು: ಮರಣದಂಡನೆ ಕೇಳುವುದಿಲ್ಲ, ಪ್ರತಿಯಾಗಿ ಎಲ್ಲ ಹೇಳಬೇಕು, ಹೆಣ ಎಸೆದ ಜಾಗ ತೋರಿಸಬೇಕು. 2003ರಲ್ಲಿ ಅವನು 48 ಕೊಲೆ ಒಪ್ಪಿಕೊಂಡ, 2011ರಲ್ಲಿ ಇನ್ನೊಂದು. ಅಷ್ಟು ಜನರನ್ನು ಕೊಂದವನನ್ನೇ ನೇಣಿಗೆ ಹಾಕದಿದ್ದರೆ ಇನ್ಯಾರನ್ನು ಹಾಕುತ್ತೀರಿ ಎಂದು ಬೈದವರು ಬಹಳ. ಮನೆಯವರ ಕಡೆಯಿಂದ ನೋಡಿದರೆ ಮಾಲೆಂಗ್ ಮಾಡಿದ್ದು ಸರಿ ಎನ್ನುವವನು ನಾನು. ನಮ್ಮಲ್ಲಿ ಅಂಥ ಒಪ್ಪಂದಕ್ಕೆ ಜಾಗವಿಲ್ಲ. ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳನ್ನು, ಹೆಂಗಸರ ಮೇಲಿನ ಅಪರಾಧಗಳನ್ನು ಆರೋಪ ಚೌಕಾಶಿಯಿಂದ ಹೊರಗಿಟ್ಟಿದ್ದಾರೆ.

ಇಷ್ಟಾದರೂ ರಿಡ್ಜ್‌ವೇಗೆ ತಾನು ಕೊಂದವರ ಹೆಸರು ಗೊತ್ತಿರಲಿಲ್ಲ. ಹೆಸರಿಲ್ಲದ ಅಸ್ಥಿಗಳಿಗೆ ಪೊಲೀಸರು ‘ಬೋನ್ಸ್ 10’, ‘ಬೋನ್ಸ್ 17’, ‘ಬೋನ್ಸ್ 20’ ಎಂದು ನಂಬರು ಕೊಟ್ಟಿದ್ದರು. 1984ರಲ್ಲಿ ಸಿಕ್ಕ ‘ಬೋನ್ಸ್ 10’ ಯಾರೆಂದು ತಿಳಿದದ್ದು 2021ರ ಜನವರಿಯಲ್ಲಿ. ಕೊಲೊರಾಡೊದಿಂದ ಮನೆ ಬಿಟ್ಟು ಬಂದಿದ್ದ ಹದಿನಾಲ್ಕರ ಹುಡುಗಿ, ಗೊತ್ತಿರುವವರಲ್ಲೆಲ್ಲ ಚಿಕ್ಕವಳು. 2023ರ ಡಿಸೆಂಬರಿನಲ್ಲಿ ‘ಬೋನ್ಸ್ 17’. ಮರುತಿಂಗಳೇ ‘ಬೋನ್ಸ್ 20’ರ ಗುಟ್ಟು ಒಡೆಯಿತು. ಅದು ಪಕ್ಕದ ಒರೆಗಾನ್ ರಾಜ್ಯದಲ್ಲಿ ಸಿಕ್ಕ ಅವಶೇಷಗಳಿಂದ 1988ರಲ್ಲೇ ಗುರುತಾಗಿದ್ದ ಹುಡುಗಿಯದು! ಒಂದೇ ದೇಹ, ಎರಡು ರಾಜ್ಯ, ಎರಡು ಕಡತ. ಮೈಸೂರು–ಬಂಟ್ವಾಳದ ಕಥೆ ಓದಿದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಈ ಹೆಸರುಗಳನ್ನು ಕೊಟ್ಟ ತಂತ್ರ ವಂಶವೃಕ್ಷದ ಡಿಎನ್‌ಎ. ಮಾಮೂಲಿ ಪರೀಕ್ಷೆಯಲ್ಲಿ ಡಿಎನ್‌ಎಯ ಇಪ್ಪತ್ತು ಚಿಲ್ಲರೆ ಜಾಗಗಳನ್ನು ನೋಡುತ್ತಾರೆ. ತಂದೆ–ತಾಯಿ–ಮಕ್ಕಳ ಸಂಬಂಧ ಹೇಳಲು ಅಷ್ಟು ಸಾಕು, ಆದರೆ ಹೋಲಿಸಲು ತಾಯಿಯ ರಕ್ತವೇ ಎದುರಿಗಿರಬೇಕು. ಈ ಹೊಸ ವಿಧಾನದಲ್ಲಿ ಹಲ್ಲು ಅಥವಾ ತೊಡೆಮೂಳೆಯಿಂದ ತೆಗೆದ ಡಿಎನ್‌ಎಯಲ್ಲಿ ಲಕ್ಷಗಟ್ಟಲೆ ಜಾಗಗಳನ್ನು ಓದಿ, ಕುತೂಹಲಕ್ಕಾಗಿ ತಮ್ಮ ಡಿಎನ್‌ಎ ವಿವರವನ್ನು ತಾವೇ ಸಾರ್ವಜನಿಕ ಭಂಡಾರಗಳಿಗೆ ಹಾಕಿರುವ ಜನರ ಜೊತೆ ಹೋಲಿಸುತ್ತಾರೆ. ಎಲ್ಲೋ ಒಬ್ಬ ಮುತ್ತಜ್ಜನ ಕಡೆಯ ಸೋದರ ಸಂಬಂಧಿ ಸಿಗುತ್ತಾನೆ. ಅಲ್ಲಿಂದ ಜನನ–ಮದುವೆಯ ದಾಖಲೆ ಹಿಡಿದು ಕೊಂಬೆ ಕೊಂಬೆ ಇಳಿದು ಬಂದು, ಆ ಮನೆತನದಲ್ಲಿ ಯಾರು ಕಾಣೆಯಾಗಿದ್ದಾರೆ ಎಂದು ಕೇಳುತ್ತಾರೆ. 2018ರಲ್ಲಿ ‘ಗೋಲ್ಡನ್ ಸ್ಟೇಟ್’ ಹಂತಕ ಸಿಕ್ಕಿದ್ದು ಹೀಗೆಯೇ. ಇಲ್ಲೂ ಹೀಗೆ ಮಾಡಬಹುದಲ್ಲ ಎಂದು ಎಂಜಿನಿಯರಿಂಗ್ ಓದುವ ಹುಡುಗರು ನನಗೆ ಬರೆಯುತ್ತಾರೆ. ಸದ್ಯಕ್ಕೆ ಕಷ್ಟ. ನಮ್ಮವರಲ್ಲಿ ಹಾಗೆ ಡಿಎನ್‌ಎ ಭಂಡಾರಕ್ಕೆ ಹಾಕಿದವರು ಬೆರಳೆಣಿಕೆ. ಹಳ್ಳಿಯ ಹಳೆಯ ಜನನ ದಾಖಲೆಯ ಕಥೆ ನಿಮಗೇ ಗೊತ್ತು. ಮೇಲಾಗಿ ಸೋದರಮಾವನಿಗೆ, ಅತ್ತೆಯ ಮಗನಿಗೆ ತಲೆಮಾರುಗಟ್ಟಲೆ ಹೆಣ್ಣು ಕೊಟ್ಟು ತಂದ ಮನೆತನಗಳಲ್ಲಿ ದೂರದ ನೆಂಟನೂ ಡಿಎನ್‌ಎಯಲ್ಲಿ ಹತ್ತಿರದವನಂತೆ ಕಾಣುತ್ತಾನೆ. ಲೆಕ್ಕ ಹಾಕುವವನ ತಲೆ ಕೆಡುತ್ತದೆ.

ನಾವು ಕಲಿಯಬೇಕಾದ್ದು ಅಮೆರಿಕದ ಇನ್ನೊಂದು ಪ್ರಕರಣದಲ್ಲಿದೆ, ಅದಕ್ಕೆ ಹೈಟೆಕ್ ಏನೂ ಬೇಕಿಲ್ಲ. ಶಿಕಾಗೊ ಹತ್ತಿರದ ಜಾನ್ ವೇಯ್ನ್ ಗೇಸಿ 33 ಹುಡುಗರನ್ನು, ಯುವಕರನ್ನು ಕೊಂದವನು. 1978ರಲ್ಲಿ ಅವನು ಸಿಕ್ಕಾಗ 26 ದೇಹಗಳು ಅವನ ಮನೆಯ ನೆಲದಡಿಯಲ್ಲೇ ಇದ್ದವು. ಮರುವರ್ಷ ಒಬ್ಬ ತಾಯಿ ಬಂದು, ಅವರಲ್ಲಿ ನನ್ನ ಮಗ ಇರಬಹುದು ಎಂದಳು. ಅವಳ ಬಳಿ ಮಗನ ಹಲ್ಲಿನ ಎಕ್ಸ್‌ರೇ ಇರಲಿಲ್ಲ. ಆಗ ಗುರುತಿಗೆ ಇದ್ದ ಮುಖ್ಯ ದಾರಿ ಅದೇ, ಹಾಗಾಗಿ ಹಿಂದಿರುಗಿದಳು. 2011ರಲ್ಲಿ ಅಲ್ಲಿನ ಶೆರಿಫ್ ಟಾಮ್ ಡಾರ್ಟ್ ಉಳಿದಿದ್ದ ಎಂಟು ಅಪರಿಚಿತರ ಅಸ್ಥಿ ತೆಗೆಸಿ, ಆ ಕಾಲದಲ್ಲಿ ಗಂಡುಮಕ್ಕಳನ್ನು ಕಳೆದುಕೊಂಡವರು ಬಂದು ಡಿಎನ್‌ಎ ಕೊಡಿ ಎಂದು ಊರೂರಿಗೆ ಕರೆ ಕೊಟ್ಟರು. 2017ರಲ್ಲಿ ಆ ತಾಯಿಯ ಮಗ ಗುರುತಾದ; ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದಳು, ಹೋಲಿಕೆ ಕೊಟ್ಟವರು ಉಳಿದ ಮಕ್ಕಳು. ಎಂಟರಲ್ಲಿ ಈವರೆಗೆ ಹೆಸರು ಸಿಕ್ಕಿದ್ದು ಮೂವರಿಗೆ. ಆದರೆ ಆ ಕರೆಗೆ ಓಗೊಟ್ಟು ಬಂದ ಮನೆಗಳಿಂದಾಗಿ ಗೇಸಿಗೆ ಸಂಬಂಧವೇ ಇಲ್ಲದ ಬೇರೆ ಅನಾಮಧೇಯ ಹೆಣಗಳಿಗೆ ಹೆಸರು ಬಂತು. ಸತ್ತರೆಂದು ಮನೆಯವರು ಅತ್ತಿದ್ದ ಕೆಲವರು ಬೇರೆ ರಾಜ್ಯಗಳಲ್ಲಿ ಬದುಕಿರುವುದೂ ಪತ್ತೆಯಾಯಿತು! ಕಾಣೆಯಾದವರ ಮನೆಯವರನ್ನು ಠಾಣೆಗೆ ಕರೆದದ್ದು ಬಿಟ್ಟರೆ ಡಾರ್ಟ್ ಮಾಡಿದ್ದರಲ್ಲಿ ಮಹಾ ವಿಶೇಷವೇನಿಲ್ಲ.

ಅಷ್ಟೆಲ್ಲ ಏಕೆ, ಆಧಾರ್ ಇದೆಯಲ್ಲ, ಹೆಣದ ಬೆರಳು ಯಂತ್ರಕ್ಕೆ ಒತ್ತಿದರೆ ಸಾಕಲ್ಲ ಎಂಬುದು ಓದುಗರ ಎರಡನೇ ಮೆಚ್ಚಿನ ಪ್ರಶ್ನೆ. ದಿಲ್ಲಿ ಹೈಕೋರ್ಟಿನ ಮುಂದೆ ಇದೇ ಕೋರಿಕೆ 2018ರಲ್ಲಿ ಬಂದಿತ್ತು. ಆಧಾರ್ ಪ್ರಾಧಿಕಾರ ಆಗುವುದಿಲ್ಲ ಎಂದಿತು. ಪಡಿತರ ಅಂಗಡಿಯಲ್ಲಿ ನಿಮ್ಮ ನಂಬರು ಮೊದಲೇ ಹೇಳಿ ಬೆರಳು ಒತ್ತುತ್ತೀರಿ. ಆ ನಂಬರಿನ ಬೆರಳು ಇದೇ ಹೌದೇ ಎಂದಷ್ಟೇ ಯಂತ್ರ ನೋಡುತ್ತದೆ. ನಂಬರೇ ಗೊತ್ತಿಲ್ಲದ ಬೆರಳನ್ನು ಕೋಟ್ಯಂತರ ಜನರ ನಡುವೆ ಹುಡುಕುವುದು ಬೇರೆಯೇ ಕೆಲಸ. ಜೊತೆಗೆ ಆಧಾರ್ ಕಾಯ್ದೆಯ 29ನೇ ಕಲಮು ಬೆರಳಚ್ಚು, ಕಣ್ಣಿನ ಪಾಪೆಯ ವಿವರವನ್ನು ಯಾರಿಗೂ ಯಾವ ಕಾರಣಕ್ಕೂ ಕೊಡಬಾರದು ಎನ್ನುತ್ತದೆ. ಜೀವಂತ ಇರುವವರ ಖಾಸಗಿತನ ಕಾಯಲು ಈ ಬೇಲಿ ಬೇಕು ಎಂದು ಒಪ್ಪುತ್ತೇನೆ. ಶವಾಗಾರದ ವೈದ್ಯರಿಗೆ ನ್ಯಾಯಾಲಯದ ಅಪ್ಪಣೆಯ ಮೇಲೆ ತೆರೆಯುವ ಒಂದು ಕಿಂಡಿ ಅದರಲ್ಲಿ ಇಟ್ಟಿದ್ದರೆ ಬೇಲಿ ಬೀಳುತ್ತಿರಲಿಲ್ಲ ಎಂದೂ ಅನಿಸುತ್ತದೆ.

ಸರಿಯಾದ ಮದ್ದು ಒಮ್ಮೆ ಹತ್ತಿರ ಬಂದಿತ್ತು. ಅನಾಮಧೇಯ ಹೆಣಗಳ ಡಿಎನ್‌ಎ ತೆಗೆದಿಡಬೇಕೆಂದು ಲೋಕನೀತಿ ಫೌಂಡೇಶನ್ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಾನೂನು ತರುತ್ತೇವೆ ಎಂದು ಕೇಂದ್ರ ಹೇಳಿದ್ದರಿಂದ 2018ರಲ್ಲಿ ಅರ್ಜಿ ಮುಗಿಯಿತು. 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಡಿಎನ್‌ಎ ತಂತ್ರಜ್ಞಾನ ಮಸೂದೆಯಲ್ಲಿ ಕಾಣೆಯಾದವರದೊಂದು ಪಟ್ಟಿ, ಅಪರಿಚಿತ ಮೃತರದೊಂದು ಪಟ್ಟಿ, ಎರಡನ್ನೂ ತಾಳೆ ನೋಡುವ ಏರ್ಪಾಡು ಇತ್ತು. ಅದೇ ಮಸೂದೆಯಲ್ಲಿ ಆರೋಪಿಗಳ, ವಿಚಾರಣಾಧೀನ ಕೈದಿಗಳ ಡಿಎನ್‌ಎ ಪಟ್ಟಿಯೂ ಇತ್ತು. ವಿರೋಧ ಎದ್ದದ್ದು ಅದಕ್ಕೆ, ಮತ್ತು ವಿರೋಧದಲ್ಲಿ ಹುರುಳಿತ್ತು. ಕೊನೆಗೆ 2023ರಲ್ಲಿ ಸರ್ಕಾರ ಇಡೀ ಮಸೂದೆಯನ್ನೇ ಹಿಂದಕ್ಕೆ ಪಡೆಯಿತು. ಕಾಣೆಯಾದವರ ಮನೆಯವರು ತಾವಾಗಿ ಕೊಡುವ ಒಂದು ಹನಿ ರಕ್ತಕ್ಕೂ ಆರೋಪಿಯ ಡಿಎನ್‌ಎಗೂ ಒಂದೇ ಕಟ್ಟು ಕಟ್ಟಬೇಕಿರಲಿಲ್ಲ. ಮೊದಲಿನದನ್ನಷ್ಟೇ ಬಿಡಿಸಿ ಚಿಕ್ಕ ಕಾನೂನು ತಂದರೆ ಯಾರೂ ಅಡ್ಡಬರುವುದಿಲ್ಲ. ಈ ನಡುವೆ 2009ರಲ್ಲಿ ಮಂಜೂರಾದ ಸಿಸಿಟಿಎನ್‌ಎಸ್ ಜಾಲ ದೇಶದ ಠಾಣೆಗಳನ್ನು ಜೋಡಿಸಿದೆ. ಕಂಪ್ಯೂಟರಿನಲ್ಲಿ ಬಂಟ್ವಾಳದ ಕಡತ, ಮೈಸೂರಿನ ಕಡತ ಈಗ ಒಂದೇ ಕಡೆ ಇರುತ್ತವೆ. ಆದರೆ ಎರಡರಲ್ಲೂ ‘ಗೋಧಿ ಮೈಬಣ್ಣ, ದುಂಡು ಮುಖ’ ಎಂದಷ್ಟೇ ಬರೆದರೆ ಕಂಪ್ಯೂಟರು ತಾನೇ ಏನು ಮಾಡೀತು?

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾದೀತು. ಸತ್ತವರ ಹೆಸರು ಸಿಕ್ಕಿದ ಮಾತ್ರಕ್ಕೆ ಕೊಂದವನು ಸಿಕ್ಕಿದ ಹಾಗಲ್ಲ. 2006ರ ಕೊನೆಯಲ್ಲಿ ನೋಯ್ಡಾದ ನಿಠಾರಿಯಲ್ಲಿ ಮಕ್ಕಳ ಅಸ್ಥಿಗಳು ಮೋರಿಯಲ್ಲಿ ಸಿಕ್ಕವು, ಮನೆಯವರ ಡಿಎನ್‌ಎ ಜೊತೆ ಹೋಲಿಸಿ ಗುರುತಿಸಿದರು. ವಲಸೆ ಬಂದ ಬಡವರ ಮಕ್ಕಳು. ಕಾಣೆಯಾದಾಗ ದೂರು ತೆಗೆದುಕೊಳ್ಳಲಿಲ್ಲ ಎಂದು ಹೆತ್ತವರು ಅಂದೇ ಹೇಳಿದ್ದರು. ಆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಇಬ್ಬರನ್ನೂ ತನಿಖೆಯ ಲೋಪಗಳನ್ನು ಎತ್ತಿ ತೋರಿಸಿ ಅಲಹಾಬಾದ್ ಹೈಕೋರ್ಟ್ 2023ರಲ್ಲಿ ತನ್ನ ಮುಂದಿದ್ದ ಮೊಕದ್ದಮೆಗಳಲ್ಲಿ ಖುಲಾಸೆ ಮಾಡಿತು.

ಮೊನ್ನೆ ಸುಳ್ಯ ಕಡೆಯಿಂದ ಒಬ್ಬ ತಾಯಿ ಪತ್ರ ಬರೆದು, ಮನೆಯಲ್ಲಿ ಯಾರಾದರೂ ಕಾಣೆಯಾದರೆ ನಾವೇನು ಮಾಡಬೇಕು, ಅಷ್ಟು ಹೇಳಿ ಸಾಕು ಎಂದಿದ್ದಾರೆ. ಹೇಳುತ್ತೇನಮ್ಮ. ಇಷ್ಟು ಗಂಟೆ ಕಾಯಬೇಕು ಎಂಬ ಕಾನೂನು ಎಲ್ಲೂ ಇಲ್ಲ, ಅಂದೇ ಹೋಗಿ. ಯಾವ ಠಾಣೆಯ ವ್ಯಾಪ್ತಿ ಎಂಬ ಚರ್ಚೆ ಬೇಡ, ಹತ್ತಿರದ್ದಕ್ಕೇ ಹೋಗಿ. ಮದುವೆ ಮನೆಯಲ್ಲಿ ತೆಗೆಸಿದ ಅಲಂಕಾರದ ಫೋಟೊ ಬೇಡ. ಹಲ್ಲು ಕಾಣುವಂತೆ ನಕ್ಕ, ಇತ್ತೀಚಿನ ಫೋಟೊ ಕೊಡಿ. ಮಚ್ಚೆ, ಹಳೆಯ ಗಾಯದ ಗುರುತು, ಹಚ್ಚೆ, ಮೂಳೆ ಮುರಿದಿದ್ದರೆ ಅದು, ಹಲ್ಲು ಕೀಳಿಸಿದ್ದರೆ ಯಾವ ಹಲ್ಲೆಂದು ಬರೆಸಿ. ಒಡವೆಯ ಚೀಟಿ ಇದ್ದರೆ ಅದರ ಪ್ರತಿ ಕೊಡಿ. ಫೋನ್ ನಂಬರು, ಇತ್ತೀಚೆಗೆ ಮಾತನಾಡುತ್ತಿದ್ದವರ ನಂಬರು ಕೊಡಿ. ಅದರಲ್ಲಿ ಮುಜುಗರದ್ದು ಇದ್ದರೂ ಮುಚ್ಚಿಡಬೇಡಿ. ಅವಳ ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು ತೊಳೆಯದೆ ಕಾಗದದ ಲಕೋಟೆಯಲ್ಲಿ ತೆಗೆದಿಡಿ. ವಾರಗಳು ಕಳೆದರೂ ಸುದ್ದಿಯಿಲ್ಲದಿದ್ದರೆ, ನೆರೆಜಿಲ್ಲೆಗಳ ಅಪರಿಚಿತ ಶವಗಳ ಯುಡಿಆರ್ ಜೊತೆ ಹೋಲಿಸಿದ್ದೀರಾ ಎಂದು ಲಿಖಿತವಾಗಿ ಕೇಳಿ. ದೂರಿಗೆ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ. ‘ಓಡಿಹೋಗಿರ್ತಾಳೆ, ನಾಕು ದಿನ ಬಿಟ್ಟು ಬರ್ತಾಳೆ’ ಎಂದು ಅಲ್ಲಿ ಯಾರಾದರೂ ಹೇಳಿದರೆ, ‘ಬರಲಿ ಸಾರ್, ಬಂದ ದಿನ ನಾನೇ ಅವಳನ್ನ ಕರ್ಕೊಂಡು ಬಂದು ದೂರು ವಾಪಸ್ ತಗೋತೀನಿ, ಈಗ ಬರ್ಕೊಳ್ಳಿ’ ಎನ್ನಿ.